ಫೈಬರ್ ದೋಣಿಯ ಹಳೆ ಬಣ್ಣ ತೆಗೆಯುವುದು ಹೇಗೆ: ಜೆಲ್‌ಕೋಟ್ ಕೆಡದಂತೆ

ಆಲಮಟ್ಟಿ ಹಿನ್ನೀರಿನ ದಂಡೆಯವರಿಗೆ ದೋಣಿ ರಿಪೇರಿಗೆ ಸಿಗುವುದು ಒಂದೇ ಹಂಗಾಮು. ಜಲಾಶಯ ತುಂಬಿದಾಗ ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದು ಇಳಿದು, ಬಾಗಲಕೋಟೆ, ಬೀಳಗಿ, ಕೊಲ್ಹಾರದ ಕಡೆ ಮುಳುಗಿದ್ದ ಎರೆ ಹೊಲಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ದೋಣಿಯನ್ನು ದಡಕ್ಕೆ ಎಳೆದು ಬೋರಲು ಹಾಕಿದರೆ, ಮಳೆ ಹಿಡಿಯುವುದರೊಳಗೆ ಬಣ್ಣ ತೆಗೆದು, ಒಣಗಿಸಿ, ಹೊಸ ಬಣ್ಣ ಹಚ್ಚಿ ಮುಗಿಸಬೇಕು. ಒಳ್ಳೆಯ ದೋಣಿಗಳು ಕೆಡುವುದು ಈ ಅವಸರದಲ್ಲೇ. ಕೆಡಿಸುವುದು ನದಿಯಲ್ಲ, ಬಣ್ಣ ತೆಗೆಯುವ ಕೈ.

ಕಬ್ಬಿಣದ ಗೇಟು, ಟ್ರ್ಯಾಕ್ಟರ್ ಟ್ರೇಲರ್ ಬಣ್ಣ ಕೀಳುವ ರೂಢಿಯನ್ನೇ ಫೈಬರ್ ದೋಣಿಗೂ ತರುತ್ತಾರೆ. ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿ ನೋಡಿ: "ಕಾಕಾ, ಗ್ರೈಂಡರ್ ಹಚ್ಚೂಣು, ಒಂದ್ ತಾಸಿನ್ಯಾಗ ಎಲ್ಲಾ ಕಿತ್ತ್ ಹೊಕ್ಕೈತಿ" ಅಂತಾರೆ. ಕಬ್ಬಿಣಕ್ಕೆ ಆ ಮಾತು ಸರಿ. ಫೈಬರ್‌ಗೆ ಸರಿಯಲ್ಲ, ಯಾಕೆಂದರೆ ಬಣ್ಣದ ಕೆಳಗೇ ದೋಣಿಯ ಜೀವ ಇರುವ ಒಂದು ತೆಳು ಪದರ ಇದೆ.

ಜೆಲ್‌ಕೋಟ್ ಅಂದರೆ ಏನು, ಎಷ್ಟು ದಪ್ಪ

ಫೈಬರ್ ದೋಣಿ ಕಟ್ಟುವಾಗ ಅಚ್ಚಿನೊಳಗೆ ಮೊದಲು ಬಳಿಯುವುದು ಜೆಲ್‌ಕೋಟ್, ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳ. ಅದರ ಮೇಲೆ ಗಾಜಿನ ನೂಲಿನ ಮ್ಯಾಟ್ ಹಾಸಿ, ರಾಳ ಕುಡಿಸಿ, ಪದರದ ಮೇಲೆ ಪದರ ಕೂರಿಸುತ್ತಾರೆ. ಅಚ್ಚಿನಿಂದ ಬಿಡಿಸಿದಾಗ ಹೊರಗೆ ಕಾಣುವ ನುಣುಪು ಮೈ ಆ ಜೆಲ್‌ಕೋಟ್. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಹೆಚ್ಚೆಂದರೆ ಮುಕ್ಕಾಲು. ಒಳಗಿನ ಗಾಜಿನ ನೂಲಿಗೆ ನೀರು ತಾಗದಂತೆ ಕಾಯುವುದು ಇದೇ. ಇದು ಹರಿದರೆ ನೀರು ನೂಲಿನ ಗುಂಟ ಒಳಗೆ ನುಸುಳುತ್ತದೆ, ಗುಳ್ಳೆ ಏಳುತ್ತದೆ, ಕ್ರಮೇಣ ಪದರಗಳು ಬಿಡತೊಡಗುತ್ತವೆ.

ಹಾಗಾಗಿ ಈ ಕೆಲಸದಲ್ಲಿ ಗ್ರೈಂಡರ್ ಬೇಡ, ತಂತಿ ಬ್ರಷ್ಷಿನ ಚಕ್ರ ಬೇಡ, ಬೆಂಕಿಯ ಬ್ಲೋಲ್ಯಾಂಪ್ ಬೇಡವೇ ಬೇಡ. ಬಿಸಿಗಾಳಿಯ ಗನ್ ಕೂಡ ಬೇಡ ಎನ್ನುತ್ತೇನೆ. ಪಾಲಿಯೆಸ್ಟರ್ ರಾಳ ನೂರು ಡಿಗ್ರಿಗೆ ಮೊದಲೇ ಮೆತ್ತಗಾಗತೊಡಗುತ್ತದೆ, ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಕಾಸ್ಟಿಕ್ ಸೋಡಾ ಕುದಿಸಿ ಬಳಿಯುವ ಹಳೆ ಪದ್ಧತಿಯೂ ಇಲ್ಲಿ ನಡೆಯದು. ಕಟು ಕ್ಷಾರ ಪಾಲಿಯೆಸ್ಟರನ್ನೇ ತಿನ್ನುತ್ತದೆ. ಮರಳು ಊದುವ ಬ್ಲಾಸ್ಟಿಂಗ್ ಯಂತ್ರ ಜೆಲ್‌ಕೋಟ್‌ನಲ್ಲಿ ಸಾವಿರ ಸಣ್ಣ ತೂತು ಮಾಡಿ ಬಿಡುತ್ತದೆ.

ಎಲ್ಲ ಬಣ್ಣವನ್ನೂ ತೆಗೆಯಲೇಬೇಕೆ?

ಇದನ್ನು ಕೇಳದೆ ಕೈ ಹಾಕಬೇಡಿ. ಮೊದಲು ದೋಣಿಯನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಬಣ್ಣದ ಮೇಲೆ ಹೊಸ ಬ್ಲೇಡಿನಿಂದ ಹಗುರಾಗಿ, ಬಣ್ಣದ ಆಳಕ್ಕಷ್ಟೇ, ಅಡ್ಡ ಐದು ಗೆರೆ, ಉದ್ದ ಐದು ಗೆರೆ ಎಳೆಯಿರಿ. ಅದರ ಮೇಲೆ ಗಟ್ಟಿ ಟೇಪು ಒತ್ತಿ ಅಂಟಿಸಿ, ಒಂದೇ ಸೆಳೆತಕ್ಕೆ ಕಿತ್ತು ನೋಡಿ. ಚೌಕಗಳು ಅಲ್ಲೇ ಉಳಿದರೆ ಆ ಬಣ್ಣ ಗಟ್ಟಿಯಾಗಿ ಕೂತಿದೆ. ಅಂಥ ಕಡೆ ಮೇಲ್ಮೈ ಉಜ್ಜಿ ಒರಟು ಮಾಡಿ ಅದರ ಮೇಲೇ ಹೊಸ ಬಣ್ಣ ಹಚ್ಚಬಹುದು. ಚೌಕಗಳು ಟೇಪಿನ ಜತೆ ಎದ್ದು ಬಂದರೆ ಮಾತ್ರ ಬಣ್ಣ ತೆಗೆಯಲೇಬೇಕು. ಬಿಸಿಲು ಬೀಳುವ ಬದಿ ಸುಲಿದಿದ್ದು ನೆರಳಿನ ಬದಿ ಗಟ್ಟಿ ಇರುವುದುಂಟು. ಇದನ್ನು ನಾಲ್ಕೈದು ಕಡೆ ಮಾಡಿ. ಅರ್ಧ ಕೆಲಸ ಇಲ್ಲೇ ಉಳಿಯುತ್ತದೆ.

ಎರಡನೆಯದು, ಅದು ಯಾವ ಬಣ್ಣ ಎಂದು ತಿಳಿಯುವುದು. ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಒಂದೆಡೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿ ಮೈ ಅಂಟಂಟಾದರೆ ಅದು ಸಾಮಾನ್ಯ ಎನಾಮಲ್. ನಮ್ಮ ಹಿನ್ನೀರಿನ ದೋಣಿಗಳಿಗೆ ಹೆಚ್ಚಾಗಿ ಹಚ್ಚಿರುವುದು ಇದೇ. ಇದು ಸುಲಭವಾಗಿ ಬಿಡುತ್ತದೆ. ಏನೂ ಆಗದಿದ್ದರೆ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಅಥವಾ ಪಿಯು (ಪಾಲಿಯುರೆಥೇನ್) ಬಣ್ಣ. ಅದಕ್ಕೆ ಉಜ್ಜುವುದೇ ದಾರಿ.

ಕಾರವಾರ, ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ದೋಣಿ ತಂದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಸಮುದ್ರದ ದೋಣಿಯ ತಳಕ್ಕೆ, ನೀರಿನ ಗೆರೆಯವರೆಗೆ, ಮೈಗೆ ಕಪ್ಪೆಚಿಪ್ಪು ಹತ್ತದಂತೆ ತಡೆಯುವ ಬಣ್ಣ ಹಚ್ಚಿರಬಹುದು. ಮಂಕಾದ ಕೆಂಪು ಅಥವಾ ನೀಲಿ, ಮುಟ್ಟಿದರೆ ಪುಡಿ ಪುಡಿ. ಅದರಲ್ಲಿ ತಾಮ್ರ ಇರುತ್ತದೆ. ಬಹಳ ಹಳೆಯದಾದರೆ ತವರದ ವಿಷ ಸಂಯುಕ್ತವೂ ಇದ್ದೀತು. ಅದನ್ನು ಬಳಸಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಇಂಥ ಬಣ್ಣವನ್ನು ಒಣಗಿದಂತೆ ಉಜ್ಜಲೇಬೇಡಿ. ಹಳೆಯ ಎನಾಮಲ್‌ಗೂ ಎಚ್ಚರಿಕೆ ಬೇಕು: ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಮುಂಚಿನ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ.

ಜಾಗ, ಹೊತ್ತು, ಸಾಮಾನು

ದೋಣಿಯನ್ನು ನೀರಿನಿಂದ ದೂರ, ನೆರಳಲ್ಲಿ ಬೋರಲು ಹಾಕಿ. ಮರ ಇಲ್ಲದಿದ್ದರೆ ಚಪ್ಪರ ಹಾಕಲೇಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ನಲವತ್ತು ದಾಟುತ್ತದೆ, ಗಾಢ ಬಣ್ಣದ ದೋಣಿಯ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಕಾದ ಮೈಮೇಲೆ ರಿಮೂವರ್, ಅಂದರೆ ಬಣ್ಣ ಎಬ್ಬಿಸುವ ಔಷಧಿ, ಕೆಲಸ ಮಾಡುವ ಮೊದಲೇ ಒಣಗುತ್ತದೆ, ಬಣ್ಣ ಮೆತ್ತಗಾಗಿ ಉಜ್ಜುವ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ ಬೇಗ ಶುರು ಮಾಡಿ ಬಿಸಿಲೇರುವ ಮೊದಲು ನಿಲ್ಲಿಸಿ. ಮಧ್ಯಾಹ್ನದ ಮೇಲಿನ ಧೂಳುಗಾಳಿಯಲ್ಲಿ ಈ ಕೆಲಸ ಆಗದು.

ಆಸರೆಗೆ ಉಸುಕಿನ ಚೀಲ, ಹಳೆ ಟೈರು ಸಾಕು. ಭಾರ ದೋಣಿಯ ಗಟ್ಟಿ ಅಂಚುಗಳ ಮೇಲೆ ಬೀಳಲಿ. ಒಂದೇ ಕಲ್ಲಿನ ತುದಿಯ ಮೇಲೆ ನಿಲ್ಲಿಸಿದರೆ ಮೈ ಬಾಗಿ ಕೂದಲೆಳೆಯ ಬಿರುಕು ಬಿಡುತ್ತದೆ.

ಕೆಳಗೆ ತಾಡಪತ್ರಿ ಹಾಸುವುದನ್ನು ಯಾರೂ ತಪ್ಪಿಸಬಾರದು. ಎರೆ ಭೂಮಿ ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿದಿರುತ್ತದೆ. ಉದುರಿದ ಬಣ್ಣದ ಚೂರು ಆ ಬಿರುಕಿಗೆ ಬಿದ್ದರೆ ಮತ್ತೆ ಹೆಕ್ಕಲಾಗದು. ಜುಲೈ, ಆಗಸ್ಟ್‌ನಲ್ಲಿ ಹಿನ್ನೀರು ಅದೇ ಹೊಲಕ್ಕೆ ಬರುತ್ತದೆ, ಅದೇ ನೀರನ್ನು ಊರುಗಳು ಕುಡಿಯುತ್ತವೆ, ಅದರಲ್ಲೇ ನಾವು ಮೀನು ಹಿಡಿಯುತ್ತೇವೆ. ತಾಡಪತ್ರಿಯನ್ನು ದೋಣಿಗಿಂತ ನಾಲ್ಕಡಿ ಅಗಲವಾಗಿ ಹಾಸಿ, ಅಂಚುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ.

ಮೈಗೆ ತುಂಬುತೋಳಿನ ಅಂಗಿ, ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆಯೇ ಹೊರತು ಥಿನ್ನರ್, ರಿಮೂವರ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮಕ್ಕಳು ಹತ್ತಿರ ಸುಳಿಯದಿರಲಿ. ಕೆಲಸದ ಬಟ್ಟೆಯಲ್ಲೇ ಊಟಕ್ಕೆ ಕೂರಬೇಡಿ. ಫೈಬರ್ ಧೂಳು ಮೈಗೆ ಹತ್ತಿ ತುರಿಸಿದರೆ ಕೆರೆಯದೆ ತಣ್ಣೀರಿನಲ್ಲಿ ತೊಳೆಯಿರಿ.

ಬಣ್ಣ ಮುಟ್ಟುವ ಮೊದಲು ದೋಣಿಯ ನೋಂದಣಿ ಸಂಖ್ಯೆ, ಎಷ್ಟು ಜನ ಹತ್ತಬಹುದೆಂಬ ಬರಹ, ಭಾರದ ಗೆರೆ, ಇವುಗಳ ಫೋಟೊ ತೆಗೆದು, ಅಂಚಿನಿಂದ ಎಷ್ಟು ಇಂಚು ದೂರ ಇವೆ ಎಂದು ಅಳೆದು ಬರೆದುಕೊಳ್ಳಿ. ಯಂತ್ರದ ದೋಣಿಗಳಿಗೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ ಇರಬೇಕು. ಕಟ್ಟಿದವರು ಅಂಟಿಸಿದ ತಗಡಿನ ಪಟ್ಟಿ ಇದ್ದರೆ ಅದರ ಮೇಲೆ ಟೇಪು ಹಚ್ಚಿ ಕಾಪಾಡಿ.

ಮೊದಲು ಕೆರೆಯುವುದು

ಎದ್ದು ನಿಂತ, ಸುಲಿದ ಬಣ್ಣಕ್ಕೆ ಔಷಧಿಯೇ ಬೇಡ, ಕೈಯೇ ಸಾಕು. ಪ್ಲಾಸ್ಟಿಕ್ ಸ್ಕ್ರೇಪರ್ ಇದ್ದರೆ ಒಳ್ಳೆಯದು. ಪುಟ್ಟಿ ಹಚ್ಚುವ ಉಕ್ಕಿನ ಬ್ಲೇಡ್ ಬಳಸುವುದಾದರೆ ಎರಡೂ ಮೂಲೆಗಳನ್ನು ಅರದಿಂದ ತಿಕ್ಕಿ ಉರುಟು ಮಾಡಿಕೊಳ್ಳಿ. ಫೈಬರ್ ಮೈಮೇಲೆ ಉಳಿಯುವ ಉದ್ದುದ್ದ ಗೀರುಗಳಲ್ಲಿ ಹೆಚ್ಚಿನವು ಆ ಚೂಪು ಮೂಲೆಯವೇ. ಬ್ಲೇಡನ್ನು ಮೈಗೆ ಆದಷ್ಟು ಮಲಗಿಸಿ ಹಿಡಿದು, ದೋಣಿಯ ಉದ್ದಕ್ಕೆ, ಬಣ್ಣದ ಅಂಚಿನ ಕೆಳಗೆ ತೂರಿಸಿ ನೂಕಿ. ಸಡಿಲ ಬಣ್ಣ ಹೊಟ್ಟಿನ ಹಾಗೆ ಸರಕ್ಕನೆ ಎದ್ದು ಬರುತ್ತದೆ. ಬ್ಲೇಡು ತಡೆದು ನಿಂತಲ್ಲಿ ಬಲ ಹಾಕಬೇಡಿ, ಅಲ್ಲಿ ಬಣ್ಣ ಇನ್ನೂ ಹಿಡಿದಿದೆ. ಅದನ್ನು ಮುಂದಿನ ಹಂತಕ್ಕೆ ಬಿಡಿ.

ಗಾಡಿ ತೊಳೆಯುವ ಪ್ರೆಷರ್ ಮಷಿನ್ ಕೆಲವರು ಬಳಸುತ್ತಾರೆ. ಸುಲಿದ ಬಣ್ಣಕ್ಕೆ ಅಡ್ಡಿಯಿಲ್ಲ, ಆದರೆ ನಳಿಕೆ ಒಂದಡಿ ದೂರ ಇರಲಿ, ಬಿರುಕು ಅಥವಾ ಗುಳ್ಳೆ ಇರುವಲ್ಲಿ ಹಿಡಿಯಬೇಡಿ.

ರಿಮೂವರ್ ಬಳಸುವುದಾದರೆ

ಅಂಗಡಿಯಲ್ಲಿ "ಪೇಂಟ್ ರಿಮೂವರ್" ಎಂದು ಕೇಳಿದರೆ ಕೊಡುವುದು ಬಹುಪಾಲು ಕಬ್ಬಿಣ, ಕಟ್ಟಿಗೆಗೆ ಮಾಡಿದ ಮಾಲು. ಅದರಲ್ಲಿ ಮಿಥಿಲೀನ್ ಕ್ಲೋರೈಡ್ ಇದ್ದರೆ, ಅದಕ್ಕೆ ಡೈಕ್ಲೋರೊಮಿಥೇನ್ ಎಂಬ ಹೆಸರೂ ಇದೆ, ಫೈಬರ್ ದೋಣಿಗೆ ತರಬೇಡಿ. ಬಣ್ಣವನ್ನು ಕರಗಿಸಿದಂತೆಯೇ ಅದು ಜೆಲ್‌ಕೋಟನ್ನೂ ಮೆತ್ತಗೆ ಮಾಡುತ್ತದೆ. ಮನುಷ್ಯನಿಗಂತೂ ಇನ್ನೂ ಕೆಟ್ಟದ್ದು: ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ಒಳಗಿನಂಥ ತಗ್ಗು ಜಾಗದಲ್ಲಿ ತುಂಬಿಕೊಳ್ಳುತ್ತದೆ, ಮೈಯೊಳಗೆ ಹೋಗಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಜನ ಸತ್ತಿದ್ದಾರೆ. ಅಮೆರಿಕ 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಇಂಥ ರಿಮೂವರ್ ಮಾರುವುದನ್ನೇ ನಿಷೇಧಿಸಿತು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಫೈಬರ್‌ಗ್ಲಾಸ್, ಜೆಲ್‌ಕೋಟ್ ಮೇಲೆ ಬಳಸಬಹುದು ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಇಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದಲೋ ಆನ್‌ಲೈನ್‌ನಲ್ಲೋ ತರಿಸಿ. ಅದೂ ಆಗದಿದ್ದರೆ ರಿಮೂವರ್ ಬಿಟ್ಟು ಉಜ್ಜುವುದೇ ಲೇಸು. ತಪ್ಪು ರಿಮೂವರ್‌ಗಿಂತ ನಾಲ್ಕು ದಿನ ಹೆಚ್ಚು ಉಜ್ಜುವುದು ಅಗ್ಗ.

ಮೊದಲು ಯಾರಿಗೂ ಕಾಣದ ಕಡೆ ಒಂದು ಗೇಣು ಜಾಗದಲ್ಲಿ ಹಚ್ಚಿ ನೋಡಿ. ಬಣ್ಣ ಎದ್ದ ಮೇಲೆ ಕೆಳಗಿನ ಮೈಯನ್ನು ಉಗುರಿನಿಂದ ಒತ್ತಿ. ಉಗುರಿನ ಗುರುತು ಬಿದ್ದರೆ, ಮೈ ಜಿಗುಟಾದರೆ, ಬಿಳಿ ಬಟ್ಟೆಗೆ ಜೆಲ್‌ಕೋಟ್ ಬಣ್ಣವೇ ಹತ್ತಿದರೆ ಆ ಮಾಲು ನಿಮ್ಮ ದೋಣಿಗೆ ಆಗದು. ಕೂಡಲೇ ಸಾಕಷ್ಟು ನೀರು, ಸೋಪು ಹಾಕಿ ತೊಳೆದು, ಆ ಜಾಗವನ್ನು ಒಂದೆರಡು ದಿನ ಮುಟ್ಟದೆ ಬಿಡಿ. ಮತ್ತೆ ಗಟ್ಟಿಯಾಗುವವರೆಗೆ ಉಜ್ಜಬೇಡಿ.

ಸರಿ ಬಂದರೆ, ಒಂದು ಸಲಕ್ಕೆ ಎರಡಡಿ ಚೌಕ ಮಾತ್ರ ಹಿಡಿಯಿರಿ. ಸುತ್ತಲಿನ ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಭಾಗಗಳಿಗೆ ಟೇಪು ಹಚ್ಚಿ. ಬ್ರಷ್ಷಿನಿಂದ ದಪ್ಪವಾಗಿ, ಒಂದೇ ದಿಕ್ಕಿಗೆ ಹಾಸಿ. ಹಿಂದೆ ಮುಂದೆ ಎಳೆದಾಡಿದರೆ ಅದು ಬೇಗ ಒಣಗುತ್ತದೆ. ನಮ್ಮ ಒಣಹವೆಗೆ ಮೇಲೊಂದು ತೆಳು ಪಾಲಿಥೀನ್ ಹಾಳೆ ಹೊದಿಸುವುದು ಒಳ್ಳೆಯದು. ಡಬ್ಬಿಯ ಮೇಲಿನ ಹೊತ್ತು ಮೀರಬೇಡಿ, ನಡುವೆ ಒಂದೆರಡು ಸಲ ಮೂಲೆಯಲ್ಲಿ ಕೆರೆದು ನೋಡಿ. ಬಣ್ಣ ಸುಕ್ಕುಗಟ್ಟಿ ಎದ್ದ ಕೂಡಲೇ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎತ್ತಿ ಹಳೆ ಡಬ್ಬಿಗೆ ಹಾಕಿ. ಎರಡು ಮೂರು ಕೋಟು ಬಣ್ಣ ಇದ್ದರೆ ಒಂದೊಂದೇ ಪದರ ಬರುತ್ತದೆ. ಒಂದೇ ಸಲ ತಳ ಮುಟ್ಟಿಸುವ ಆಸೆಗೆ ರಾತ್ರಿಯಿಡೀ ಹಚ್ಚಿಟ್ಟು ಮಲಗಬೇಡಿ. ಕೆಲಸ ಮುಗಿದ ಚೌಕವನ್ನು ಬಕೆಟ್ಟು, ಸ್ಪಂಜಿನಿಂದ ಚೆನ್ನಾಗಿ ತೊಳೆದು ಮುಂದಿನದಕ್ಕೆ ಹೋಗಿ. ಹತ್ತಿರದಲ್ಲಿ ಬೀಡಿ, ಒಲೆ ಇರಬಾರದು.

ಉಜ್ಜುವುದು: ಎಲ್ಲಿ ನಿಲ್ಲಿಸಬೇಕು

ಉಜ್ಜುವ ಮೊದಲು ಮೈಮೇಲಿನ ಮೇಣ, ಎಣ್ಣೆ ಒರೆಸಬೇಕು, ಇಲ್ಲವಾದರೆ ಉಜ್ಜುವಾಗ ಅದೆಲ್ಲ ಗೀರಿನೊಳಕ್ಕೆ ಹೋಗಿ ಹೊಸ ಬಣ್ಣ ಹಿಡಿಯುವುದಿಲ್ಲ. ಒಂದು ಬಟ್ಟೆಯಲ್ಲಿ ಥಿನ್ನರ್ ಹಾಕಿ ಒರೆಸುತ್ತ ಹೋಗಿ, ಒಣಗುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಕೊಳ್ಳಿ.

ಯಂತ್ರ ಬೇಕಾದರೆ ಮೆತ್ತನೆ ಪ್ಯಾಡಿನ ಆರ್ಬಿಟಲ್ ಸ್ಯಾಂಡರ್, ಕಡಿಮೆ ವೇಗದಲ್ಲಿ, ಧೂಳು ಹೀರುವ ಚೀಲ ಕಟ್ಟಿ. ದಪ್ಪ ಬಣ್ಣಕ್ಕೆ 80ನೇ ನಂಬರ್ ಕಾಗದ ಸಾಕು, ಅದಕ್ಕಿಂತ ಒರಟು ಬೇಡ (ನಂಬರ್ ಕಡಿಮೆಯಾದಷ್ಟು ಕಾಗದ ಒರಟು). ಯಂತ್ರವನ್ನು ಒತ್ತಬೇಡಿ, ಅದರ ಭಾರವೇ ಸಾಕು. ಒಂದೇ ಕಡೆ ನಿಲ್ಲಿಸಲೂ ಬೇಡಿ. ಸೀಸ ಅಥವಾ ತಾಮ್ರದ ಅನುಮಾನ ಇದ್ದರೆ ಯಂತ್ರ ಬಿಟ್ಟು ವಾಟರ್ ಪೇಪರ್‌ನಿಂದ ಒದ್ದೆಯಾಗಿ ಕೈಯಲ್ಲೇ ಉಜ್ಜಿ. ನೀರಿಗೆ ಸ್ವಲ್ಪ ಸೋಪು ಬೆರೆಸಿದರೆ ಕಾಗದ ಕಟ್ಟಿಕೊಳ್ಳುವುದಿಲ್ಲ. ವಿದ್ಯುತ್ ಯಂತ್ರ ಹಿಡಿದು ನೀರು ಹಾಕುವ ಸಾಹಸ ಮಾತ್ರ ಮಾಡಬೇಡಿ.

ಇಡೀ ಕೆಲಸದಲ್ಲಿ ಕಣ್ಣು ಇಡಬೇಕಾದ್ದು ಧೂಳಿನ ಬಣ್ಣದ ಮೇಲೆ. ನೀಲಿ ಬಣ್ಣ ಉಜ್ಜುವಾಗ ನೀಲಿ ಧೂಳು ಬರುತ್ತದೆ. ನಡುವೆ ಬೂದು ಬಣ್ಣ ಬಂದರೆ ಅದು ಪ್ರೈಮರ್. ಆಮೇಲೆ ಧೂಳು ತಿಳಿಯಾಗಿ, ಜೆಲ್‌ಕೋಟ್ ಬಿಳಿಯಾಗಿದ್ದರೆ ಬಿಳಿ ಹಿಟ್ಟಿನಂತೆ ಉದುರಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಸಣ್ಣ ತಗ್ಗುಗಳಲ್ಲಿ ಹಳೆ ಬಣ್ಣದ ಚುಕ್ಕೆ ಅಲ್ಲಲ್ಲಿ ಉಳಿದಿರುತ್ತದೆ. ಅದನ್ನು ಕಂಡು ಹಲವರಿಗೆ ಸಮಾಧಾನವಾಗುವುದಿಲ್ಲ, ಚುಕ್ಕೆ ಹೋಗುವವರೆಗೆ ಉಜ್ಜಿ ಸುತ್ತಲಿನ ಜೆಲ್‌ಕೋಟನ್ನೆಲ್ಲ ಸವೆಸುತ್ತಾರೆ. ಗಟ್ಟಿಯಾಗಿ ಹಿಡಿದ ಚುಕ್ಕೆ ಅಲ್ಲೇ ಇರಲಿ, ಹೊಸ ಬಣ್ಣದ ಕೆಳಗೆ ಅದು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಬಿಳಿಯ ನಡುವೆ ಮಸುಕಾಗಿ, ತುಸು ಪಾರದರ್ಶಕವಾಗಿ, ಚಾಪೆಯ ಹೆಣಿಗೆಯಂತೆ ನೂಲು ಕಂಡರೆ ನೀವು ಜೆಲ್‌ಕೋಟ್ ದಾಟಿದ್ದೀರಿ.

ಎಷ್ಟು ಸವೆಯಿತು ಎಂದು ತಿಳಿಯಲು ಪೆನ್ಸಿಲ್ ಸಾಕು. ಮೈಮೇಲೆಲ್ಲ ಹಗುರಾಗಿ ಗೀಚಿ. ಗೀಚು ಎಲ್ಲೆಡೆ ಒಟ್ಟಿಗೆ ಮಾಯವಾದರೆ ಸಮನಾಗಿ ಉಜ್ಜುತ್ತಿದ್ದೀರಿ. ಒಂದು ಕಡೆ ಮಾಯವಾಗಿ ಪಕ್ಕದಲ್ಲಿ ಉಳಿದರೆ ಕೈ ಒಂದೇ ಕಡೆ ಭಾರ ಬೀಳುತ್ತಿದೆ.

ದೋಣಿಯ ಬೆನ್ನು, ಮೂತಿ, ತಳ ಮತ್ತು ಬದಿ ಸೇರುವ ಏಣು, ಇಲ್ಲೆಲ್ಲ ಜೆಲ್‌ಕೋಟ್ ತೆಳ್ಳಗಿರುತ್ತದೆ, ಯಂತ್ರವೂ ಏಣಿನ ಮೇಲೆ ಹೆಚ್ಚು ತಿನ್ನುತ್ತದೆ. ಏಣಿನ ಎರಡೂ ಬದಿಗೆ ಒಂದಿಂಚು ಟೇಪು ಹಚ್ಚಿ, ಉಳಿದದ್ದನ್ನು ಯಂತ್ರದಿಂದ ಮುಗಿಸಿ, ಕೊನೆಗೆ ಟೇಪು ಕಿತ್ತು ಅಲ್ಲಿ ಕೈಯಿಂದ ಉಜ್ಜಿ. 80ರ ನಂತರ 120, ಆಮೇಲೆ 180 ಅಥವಾ 220. ಪ್ರೈಮರ್ ಹಿಡಿಯಲು ಅಷ್ಟು ಒರಟು ಬೇಕು, ಅದಕ್ಕಿಂತ ನುಣುಪು ಮಾಡಿದರೆ ಪ್ರೈಮರ್‌ಗೆ ಹಿಡಿತ ಸಿಗದು.

ಒಳಗೆ ಕಂಡದ್ದನ್ನು ರಿಪೇರಿ ಮಾಡುವುದು

ಬಣ್ಣ ಹೋದ ಮೇಲೆ ಬಿರುಕು, ಗುಳ್ಳೆ ಕಾಣಬಹುದು. ಗುಳ್ಳೆಯನ್ನು ಚುಚ್ಚುವಾಗ ಕಣ್ಣಿಗೆ ಕನ್ನಡಕ ಇರಲಿ, ಒಳಗಿನ ದ್ರವ ಒತ್ತಡದಿಂದ ಚಿಮ್ಮುತ್ತದೆ. ಹುಳಿ ವಾಸನೆ ಬಂದರೆ ನೀರು ರಾಳದೊಳಗೆ ಹೋಗಿ ಅದನ್ನು ಕೊಳೆಸಿದೆ ಎಂದರ್ಥ. ಅಂಥದ್ದನ್ನು ತೆರೆದು, ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಲು ಬಿಡಬೇಕು. ಈ ವಿಷಯದಲ್ಲಿ ನಮ್ಮ ಬೇಸಿಗೆ ದೊಡ್ಡ ಉಪಕಾರಿ. ಒಣಗಿತೋ ಇಲ್ಲವೋ ನೋಡಲು ಒಂದಡಿ ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಮೈಗೆ ಅಂಟಿಸಿ, ಮರುದಿನ ನೋಡಿ. ಒಳಬದಿಗೆ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ.

ತಗ್ಗು ತುಂಬಲು ಕಾರಿಗೆ ಹಚ್ಚುವ ಪುಟ್ಟಿ ಬೇಡ. ಅದು ನೀರು ಹೀರುತ್ತದೆ. ನೀರಿನ ಗೆರೆಯ ಕೆಳಗೆ ಎಪಾಕ್ಸಿ ಫಿಲ್ಲರೇ ಬೇಕು. ಸಣ್ಣ ಗೀರಿಗೆ ಜೆಲ್‌ಕೋಟ್ ಪೇಸ್ಟ್ ಹಚ್ಚುವುದಾದರೆ ಎರಡು ಮಾತು: ಎಪಾಕ್ಸಿಯ ಮೇಲೆ ಅದು ಚೆನ್ನಾಗಿ ಹಿಡಿಯುವುದಿಲ್ಲ, ಮತ್ತು ಗಾಳಿ ತಾಗಿದರೆ ಮೇಲ್ಮೈ ಜಿಗುಟಾಗಿಯೇ ಉಳಿಯುತ್ತದೆ. ಹಚ್ಚಿದ ಮೇಲೆ ಪಾಲಿಥೀನ್ ಹಾಳೆ ಒತ್ತಿ ಮುಚ್ಚಿ. ಗಟ್ಟಿ ಮಾಡುವ ದ್ರಾವಣವನ್ನು ಸಾಮಾನ್ಯವಾಗಿ ಶೇ 1ರಿಂದ 2 ಬೆರೆಸುತ್ತಾರೆ. ಮೇ ತಿಂಗಳ ಸೆಕೆಗೆ ಶೇ 1ರ ಹತ್ತಿರ ಇರಿಸಿ, ಅದಕ್ಕಿಂತ ಇಳಿಸಬೇಡಿ. ಆ ದ್ರಾವಣದ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಬೆರೆಸುವಾಗ ಕನ್ನಡಕ ತೆಗೆಯಬೇಡಿ, ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಇರಲಿ.

ಪ್ರತಿದಿನ ಸಂಜೆ ತಾಡಪತ್ರಿಯ ಮೇಲಿನ ಚೂರು, ಧೂಳನ್ನು ಒದ್ದೆ ಮಾಡಿ ಗುಡಿಸಿ, ಗಟ್ಟಿ ಚೀಲಕ್ಕೆ ಕಟ್ಟಿ. ಕಸದ ಜತೆ ಸುಡಬೇಡಿ. ಸೀಸ, ತಾಮ್ರ ಹೊಗೆಯಾಗಿ ನಿಮ್ಮ ಮನೆಗೇ ಬರುತ್ತದೆ. ಉಜ್ಜಿದ ನೀರನ್ನು ಬಕೆಟ್ಟಿನಲ್ಲಿ ಕೂಡಿಸಿ, ಕೆಸರು ತಳಕ್ಕಿಳಿದು ನೀರೆಲ್ಲ ಬಿಸಿಲಿಗೆ ಆರಿದ ಮೇಲೆ ಅದನ್ನೂ ಅದೇ ಚೀಲಕ್ಕೆ ಹಾಕಿ. ಥಿನ್ನರ್ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ಬಯಲಲ್ಲಿ ಹರವಿ ಒಣಗಿಸಿ. ನಗರಸಭೆ ಅಥವಾ ಪಂಚಾಯಿತಿಯ ಕಸದವರಿಗೆ ಚೀಲ ಕೊಡುವಾಗ ಇದು ವಿಷದ ಬಣ್ಣ, ಬೇರೆ ಇಡಬೇಕು ಎಂದು ಹೇಳಿಯೇ ಕೊಡಿ.

ಜೆಲ್‌ಕೋಟ್ ಗಟ್ಟಿಯಾಗಿ, ಬಿರುಕಿಲ್ಲದೆ ಸಿಕ್ಕಿದರೆ ನೀರಿನ ಗೆರೆಯ ಮೇಲಿನ ಭಾಗಕ್ಕೆ ಮತ್ತೆ ಬಣ್ಣ ಹಚ್ಚುವ ಅಗತ್ಯವೇ ಇಲ್ಲ. ಅಲ್ಲಿ 400, 600, 1000 ಎಂದು ಒದ್ದೆ ಕಾಗದದಿಂದ ನುಣುಪು ಮಾಡಿ, ರಬ್ಬಿಂಗ್ ಕಾಂಪೌಂಡ್ ಉಜ್ಜಿ, ಮೇಣ ಹಚ್ಚಿದರೆ ಸಾಕು. ನೋಂದಣಿ ಸಂಖ್ಯೆಯನ್ನು ಮೇಣ ಹಚ್ಚುವ ಮೊದಲೇ ಬರೆಸಿ. ತಳಭಾಗಕ್ಕೆ ಮೊದಲು ಎಪಾಕ್ಸಿ ಪ್ರೈಮರ್ ಬೇಕು. ಬೆಳಗಿನ ತಂಪಿನಲ್ಲಿ, ನೆರಳಲ್ಲಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದ ಹೊತ್ತಿನೊಳಗೇ ಮೇಲಿನ ಬಣ್ಣ ಹಚ್ಚಿ. ನಮ್ಮ ಸೆಕೆಗೆ ಆ ಹೊತ್ತು ಚಿಕ್ಕದಾಗುತ್ತದೆ. ಮೀರಿದರೆ ಪ್ರೈಮರನ್ನು ಮತ್ತೆ ಹಗುರಾಗಿ ಉಜ್ಜಿಯೇ ಮುಂದಿನ ಕೋಟು ಹಚ್ಚಬೇಕು. ಕೊನೆಯ ಕೋಟು ಪೂರ್ತಿ ಗಟ್ಟಿಯಾಗಲು ಕನಿಷ್ಠ ಒಂದು ವಾರ ಬಿಟ್ಟು ದೋಣಿಯನ್ನು ನೀರಿಗಿಳಿಸಿ.